ಪ್ರಾಣೇಶರಾಯರ ಪೆನ್ಸಿಲ್ ಚೀಟಿಗಳು

ವೈದ್ಯರು ನೋವು ಯಾವಾಗ ಶುರುವಾಯಿತು ಎಂದು ಕೇಳುತ್ತಾರೆ. ಪ್ರಾಣೇಶರಾಯರು ಕೊನೆಯ ಸಲ ಯಾವಾಗ ಚೆನ್ನಾಗಿತ್ತು ಎಂದು ಕೇಳುತ್ತಾರೆ. ಇಂಟರ್ನೆಟ್ ಹೋಗಿದೆ ಎಂದು ಕರೆದ ಮನೆಗೆ ಬಂದು, ಬಾಗಿಲ ಹೊರಗೆ ಚಪ್ಪಲಿಗಳನ್ನು ಒಂದಕ್ಕೊಂದು ತಾಗುವಂತೆ ಜೋಡಿಸಿಟ್ಟು, ಒಂದು ಲೋಟ ನೀರು ಕುಡಿದು, ಕಂಪ್ಯೂಟರಿಗೆ ಬೆನ್ನು ಮಾಡಿ ಕೂತು, "ಕೊನೀ ಸಲ ಛಲೋ ಇದ್ದದ್ದು ಯಾವಾಗ, ಹೇಳ್ರಿ" ಎನ್ನುತ್ತಾರೆ. ಮನೆಯವರು ತಬ್ಬಿಬ್ಬಾಗುತ್ತಾರೆ. ಕೆಟ್ಟ ಗಳಿಗೆ ಎಲ್ಲರಿಗೂ ನೆನಪಿರುತ್ತದೆ; ಚೆನ್ನಾಗಿದ್ದ ಗಳಿಗೆಯನ್ನು ಗುರುತಿಟ್ಟುಕೊಂಡವರು ಕಡಿಮೆ. ಗಂಡ ಮಂಗಳವಾರ ಎಂದರೆ ಹೆಂಡತಿ ಅದರ ಹಿಂದಿನ ಭಾನುವಾರ ಎನ್ನುತ್ತಾಳೆ, ಮಾತು ಬೆಳೆದು ಯಾರದೋ ಮದುವೆಗೆ ಹೋಗಿಬಂದ ದಿನದ ಜಗಳಕ್ಕೆ ಮುಟ್ಟುತ್ತದೆ. ರಾಯರು ಅದು ಮುಗಿಯುವ ತನಕ ಬಸ್ಸಿಗೆ ಕಾಯುವವರ ಹಾಗೆ ಮೊಣಕಾಲ ಮೇಲೆ ಕೈಯಿಟ್ಟು ಕೂತಿರುತ್ತಾರೆ.

ಅವರು ರಾಯಚೂರಿನ ಕಡೆಯವರು. ಬಾಲಾನಗರದಲ್ಲಿ ವಿಮಾನಗಳ ಉಪಕರಣ ತಯಾರಿಸುವ ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಇದ್ದರು. ಕೆಟ್ಟು ಮರಳಿ ಬಂದ ಉಪಕರಣಗಳು ಏಕೆ ಕೆಟ್ಟವು ಎಂದು ಹುಡುಕುವುದು ಅವರ ಕೆಲಸವಾಗಿತ್ತು. ನಿವೃತ್ತರಾಗಿ ಆರು ವರ್ಷವಾದರೂ ಆ ಹುಡುಕಾಟ ಅವರ ಮೈಬಿಟ್ಟಿಲ್ಲ. ಈ ತೆಲುಗು ಊರಿನ ಬಡಾವಣೆಗಳಾದ ಕಾಚಿಗುಡ, ಬರ್ಕತ್‌ಪುರ, ನಲ್ಲಕುಂಟದ ಕನ್ನಡದ ಮನೆಗಳಲ್ಲಿ ಕಂಪ್ಯೂಟರು ಮುನಿಸಿಕೊಂಡಾಗಲೆಲ್ಲ ಯಾರಾದರೂ ಒಬ್ಬರು ಅವರ ನಂಬರನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ನನಗೆ ಅವರ ಪರಿಚಯವಾದದ್ದೂ ಹಾಗೆಯೇ.

ಕಾರ್ಖಾನೆಯ ಖಾಕಿ ಕೋಟು ಈಗಲೂ ಅವರ ಮೈಮೇಲಿದೆ. ಮೊಣಕಾಲಿನ ತನಕ ಬರುವ, ಎಲ್ಲ ಕಡೆ ಮಾಸಿ ಎದೆಯ ಮೇಲೆ ಮಾತ್ರ ನಂಬರಿನ ಬಿಲ್ಲೆ ಇದ್ದ ಜಾಗದಲ್ಲಿ ಮೊದಲ ಬಣ್ಣವನ್ನು ಉಳಿಸಿಕೊಂಡ ಕೋಟು. ಬಲಗಿಸೆಯಲ್ಲಿ ಟೆಸ್ಟರು, ಎಡಗಿಸೆಯಲ್ಲಿ ಗಿಡ್ಡ ಪೆನ್ಸಿಲ್ಲು, ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಸಿ ಮಾಡಿಕೊಂಡ ಚೀಟಿಗಳು. ಮೇ ತಿಂಗಳ ಉರಿಯಲ್ಲೂ ಇದನ್ನೇಕೆ ತೊಡುತ್ತೀರಿ ಎಂದು ಕೇಳಿದ್ದಕ್ಕೆ, "ಕಿಸೆ ಬೇಕಲ್ರಿ" ಎಂದಷ್ಟೇ ಅಂದರು. ಅವರ ನಡಿಗೆಯೂ ವಿಚಿತ್ರ. ಗೋಡೆಯಿದ್ದರೆ ಗೋಡೆಯ ಪಕ್ಕಕ್ಕೇ, ಒಂದು ಅಂಗೈಯನ್ನು ಅದಕ್ಕೆ ಸವರಿಕೊಂಡು, ಸ್ವಲ್ಪ ಓರೆಯಾಗಿ ನಡೆಯುತ್ತಾರೆ. ಅಬಿಡ್ಸಿನ ಫುಟ್‌ಪಾತಿನಲ್ಲಿ ಮುಚ್ಚಿದ ಅಂಗಡಿಗಳ ಷಟರುಗಳನ್ನು ಹಾಗೇ ಸವರುತ್ತ ಹೋಗುವುದನ್ನು ನಾನೇ ನೋಡಿದ್ದೇನೆ. ಲೋಕದ ಎಲ್ಲ ಗೋಡೆಗಳೊಳಗೂ ಎಲ್ಲಿಂದಲೋ ಎಲ್ಲಿಗೋ ಹೋಗುವ ವೈರೊಂದು ಇದ್ದೇ ಇದೆ ಎಂದು ಆ ಅಂಗೈ ನಂಬಿಕೊಂಡಿತ್ತು. ಮೆಟ್ಟಿಲು ಹತ್ತುವಾಗ ಪ್ರತಿ ತಿರುವಿನಲ್ಲೂ ನಿಂತು, ಗೋಡೆಗೆ ಮುಖ ಮಾಡಿ ದಮ್ಮು ತೆಗೆದುಕೊಳ್ಳುತ್ತಾರೆ. ದೂರದಿಂದ ನೋಡಿದವರಿಗೆ ಗೋಡೆಯ ಮೇಲಿನ ಏನನ್ನೋ ಓದುತ್ತಿದ್ದಾರೆ ಅನ್ನಿಸಬೇಕು.

ಹುಟ್ಟಿದ್ದು ಮಠದ ಸಂಬಂಧದ ವೈಷ್ಣವರ ಮನೆಯಲ್ಲಾದರೂ ಕಾರ್ಖಾನೆಯಲ್ಲಿ ಜೊತೆಗೆ ಕೂತು ಕೆಲಸ ಮಾಡಿದ ಗೊಲ್ಲಾಳಪ್ಪ, ಹುಲಗೇಶರ ಮಾತು ಅವರ ನಾಲಿಗೆಯ ಮೇಲೆ ನೆಲೆಯಾಗಿತ್ತು. ಮನೆಯ 'ಅದ' ಹೋಗಿ 'ಐತಿ' ಬಂದಿತ್ತು. "ರಾಯರ ಹಂಗ ಕಾಣ್ತೀರಿ, ಪೈಲ್ವಾನರ ಹಂಗ ಮಾತಾಡ್ತೀರಲ್ರೀ" ಎಂದು ಗೋದಾಬಾಯಿಯವರು ಒಮ್ಮೆ ಅವರನ್ನು ಚುಚ್ಚಿದ್ದರು. ಆ ಗೋದಾಬಾಯಿಯವರ ಮನೆಯ ಮಾತೇ ಇಲ್ಲಿ ಮುಖ್ಯ. ಆದರೆ ಅದಕ್ಕೆ ಮೊದಲು ರಾಯರ ಒಂದು ಹಟವನ್ನು ಹೇಳಲೇಬೇಕು.

ದೋಷವನ್ನು ಕಳೆದರೆ ಸಾಲದು, ಅದನ್ನು ಕೈಯಾರೆ ಮರಳಿ ತರಿಸಬೇಕು ಎಂಬುದು ಆ ಹಟ. ಇದನ್ನು ತೆಗೆದರೆ ಸರಿಯಾಗುತ್ತದೆ, ಒಳ್ಳೆಯದು. ಮತ್ತೆ ಇಟ್ಟರೆ ಕೆಡಬೇಕು. ಮತ್ತೆ ತೆಗೆದರೆ ಸರಿಯಾಗಬೇಕು. ಆಮೇಲೆಯೇ ಅವರು ಚೀಟಿಯ ಮೂಲೆಯಲ್ಲಿ 'ಕಾರಣ' ಎಂದು ಬರೆದು, ಮುಂದೆ ಎರಡು ಪದ ತುಂಬಿ, ಚೀಟಿಯನ್ನು ಮಡಚುವುದು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಚೀಟಿ ಸುಳ್ಳು ಹೇಳುತ್ತದೆ.

ಈ ಹಟದಿಂದ ಪೆಟ್ಟು ತಿಂದವರಲ್ಲಿ ಯಶವಂತ, ಹರ್ಷಿತಾ ದಂಪತಿಗಳೂ ಇದ್ದಾರೆ. ಇಬ್ಬರೂ ಮೈಸೂರಿನವರು, ಸಮುದ್ರದಾಚೆಯ ಬ್ಯಾಂಕುಗಳ ಇಡೀ ಜಾಲವನ್ನು ಇಲ್ಲಿಂದಲೇ ಕಾಯುವ ಎಂಜಿನಿಯರುಗಳು. ತಮ್ಮ ಮನೆಯ ಹಾಲಿನಿಂದ ಮಲಗುವ ಕೋಣೆಗೆ ಇಂಟರ್ನೆಟ್ಟನ್ನು ದಾಟಿಸಲಾಗದೆ ನಾಚುತ್ತ ರಾಯರನ್ನು ಕರೆಸಿದ್ದರು. ರಾಯರು ಕೇಳಿದ್ದು ಒಂದೇ ಪ್ರಶ್ನೆ: "ಈ ಮೀನಿನ ಪೆಟ್ಟಿಗಿ ಯಾವಾಗ ತಂದ್ರಿ?" ಗೋಡೆಯುದ್ದದ ಆ ನೀರಿನ ಪೆಟ್ಟಿಗೆ ರೂಟರಿಗೂ ಕೋಣೆಗೂ ನಡುವೆ ಇತ್ತು. ಅರ್ಧ ನೀರು ಖಾಲಿ ಮಾಡಿ, ಎಲ್ಲರೂ ಕೈಹಚ್ಚಿ ಅದನ್ನು ಪಕ್ಕಕ್ಕಿಟ್ಟ ಕೂಡಲೇ ಕೋಣೆಯ ಕಂಪ್ಯೂಟರಿಗೆ ಜೀವ ಬಂತು. ಯಶವಂತ ನಕ್ಕು ಸೊಂಟ ನೀವಿಕೊಳ್ಳುತ್ತಿದ್ದಾಗ ರಾಯರು, "ಈಗ ಮತ್ತ ಅಲ್ಲೇ ಇಡ್ರಿ, ನೀರು ತುಂಬ್ರಿ" ಎಂದರು.

"ಸರ್, ಗೊತ್ತಾಯ್ತಲ್ಲ, ಸಾಕಲ್ವಾ?"

"ಗೊತ್ತಾತು ಅಂತ ನಿಮಗ ಅನಿಸೈತಿ. ಇಡ್ರಿ."

ಇಟ್ಟರು, ಕೆಟ್ಟಿತು, ಮತ್ತೆ ತೆಗೆದರು. ಮೀನುಗಳು ಆ ದಿನ ಮಾಡಿದ ಲೋಕಸಂಚಾರವನ್ನು ಹರ್ಷಿತಾ ಇಂದಿಗೂ ಹೇಳಿಕೊಂಡು ನಗುತ್ತಾಳೆ.

ಗೋದಾಬಾಯಿಯವರ ಮನೆಗೆ ಅವರನ್ನು ಕರೆದುಕೊಂಡು ಹೋದವನು ನಾನೇ. ಬರ್ಕತ್‌ಪುರದಲ್ಲಿ ನಾನಿರುವ ಕಟ್ಟಡದ ಮೂರನೆಯ ಮಹಡಿಯಲ್ಲಿ ವಾಸಂತಿ, ಅವಳ ಗಂಡ ವಿಶ್ವಜಿತ್, ಅತ್ತೆ ಗೋದಾಬಾಯಿ ಇದ್ದಾರೆ. ದೂರದ ಆಸ್ಪತ್ರೆಗಳ ವೈದ್ಯರು ಮಾತಿನಲ್ಲಿ ಹೇಳಿ ಕಳಿಸಿದ ರೋಗಿಗಳ ವರದಿಗಳನ್ನು ಕೇಳಿಸಿಕೊಂಡು ಟೈಪು ಮಾಡಿಕೊಡುವುದು ವಾಸಂತಿಯ ಕೆಲಸ. ಏಳು ವರ್ಷದಿಂದ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಅದನ್ನು ಮಾಡುತ್ತಿದ್ದಳು. ಜೂನ್ ತಿಂಗಳಿಂದ ದಿನಾ ಬೆಳಿಗ್ಗೆ ಒಂಬತ್ತು ದಾಟುತ್ತಲೂ ರೂಟರಿನಲ್ಲಿ ಕೆಂಪು ದೀಪ ಹತ್ತಿ ಎಲ್ಲವೂ ನಿಂತುಬಿಡುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ತಾನಾಗಿ ಮರಳುತ್ತಿತ್ತು. ರೋಗಿಗಳ ಗುಟ್ಟಿನ ಮಾತಾದ್ದರಿಂದ ಫೋನಿನ ಇಂಟರ್ನೆಟ್ ಬಳಸಲು ಕಂಪನಿ ಬಿಡುತ್ತಿರಲಿಲ್ಲ. ಎರಡು ಎಚ್ಚರಿಕೆ ಕೊಟ್ಟು, ಜುಲೈ ಒಂದು ತಿಂಗಳು ಕನಿಕರದಿಂದ ಮಧ್ಯಾಹ್ನದ ಪಾಳಿ ಕೊಟ್ಟು, ಆಗಸ್ಟ್ ಒಂದರಿಂದ ಮತ್ತೆ ಬೆಳಗಿನ ಒಂಬತ್ತಕ್ಕೆ ಕೂರಬೇಕೆಂದೂ, ಅಂದಿನಿಂದ ದಿನಕ್ಕೆ ಒಟ್ಟು ಹದಿನೈದು ನಿಮಿಷಕ್ಕಿಂತ ಹೆಚ್ಚು ಲೈನು ಕಡಿದರೆ ಕೆಲಸ ಬೇರೆಯವರಿಗೆ ಹೋಗುವುದೆಂದೂ ಬರೆದಿದ್ದರು. ನಾವು ಹೋದದ್ದು ಜುಲೈ ಇಪ್ಪತ್ತೊಂಬತ್ತರಂದು.

"ಕೊನೀ ಸಲ ಛಲೋ ಇದ್ದದ್ದು ಯಾವಾಗ, ತಂಗಿ?"

"ಮನೀಗೆ ಬಣ್ಣಾ ಹಚ್ಚಿಸೋಕಿಂತ ಮೊದಲ, ಕಾಕಾ."

ಒಳಗಿಂದ ಗೋದಾಬಾಯಿಯವರ ದನಿ ಬಂತು: "ಬಣ್ಣದವರು ಏನೇನು ಕಿತ್ತರೋ, ಒಂದೂ ಮತ್ತ ಹಚ್ಚಿಲ್ಲ. ನಾಲ್ಕು ಸಲ ಹೇಳೀನಿ. ಈ ಮನ್ಯಾಗ ನನ್ನ ಮಾತು ಯಾರ ಕಿವೀಗೆ ಬೀಳ್ತದ?"

ಯಾರೂ ಏನನ್ನು ಕಿತ್ತರು ಎಂದು ಕೇಳಲಿಲ್ಲ. ಬಣ್ಣದವರು ಏಣಿ ಒರಗಿಸುವಾಗ ವೈರಿಗೆ ಪೆಟ್ಟಾಗಿರಬಹುದೆಂದು ರಾಯರು ಲೆಕ್ಕ ಹಾಕಿದರು. ಮುಂದಿನ ಕಿಟಕಿಯಿಂದ ಒಳಬಂದ ಕಪ್ಪು ವೈರು ಸೂರಿನ ಕೆಳಗೇ ಸಾಗಿ, ದೇವರ ಕೋಣೆಯ ಮುಂದಿನ ಓಣಿಯಂಥ ಕಿರುದಾರಿಯನ್ನು ಈ ಗೋಡೆಯಿಂದ ಆ ಗೋಡೆಗೆ ಹಗ್ಗದಂತೆ ದಾಟಿ, ವಾಸಂತಿಯ ಕೋಣೆ ಸೇರುತ್ತಿತ್ತು. ಅದರೊಳಗಿರುವುದು ಕೂದಲೆಳೆಯಷ್ಟು ಗಾಜು. ಗಾಜಿನೊಳಗೆ ಬೆಳಕು ಹರಿಯುತ್ತದೆ. ವೈರು ತೀರ ಬಾಗಿದರೆ ಬೆಳಕು ದಾರಿಯಲ್ಲೇ ಸೋರಿಹೋಗುತ್ತದೆ. ಇದನ್ನು ರಾಯರೇ ನನಗೆ ವಿವರಿಸಿದ್ದರು.

ಮೊದಲ ದಿನ ಅವರು ರೂಟರಿನ ಅಡಾಪ್ಟರನ್ನು ಮಾತ್ರ ಬದಲಿಸಿದರು. ಒಂಬತ್ತೂ ಹತ್ತಕ್ಕೆ ಹೋಯಿತು, ಹನ್ನೊಂದೂ ಇಪ್ಪತ್ತಕ್ಕೆ ಬಂತು. ಎರಡನೆಯ ದಿನ ಕೋಠಿಯ ಗುಜರಾತಿ ಗಲ್ಲಿಯಿಂದ ತಂದ ಹೊಸ ಜೋಡಣೆಯ ತುಂಡನ್ನು ವೈರಿನ ತುದಿಗೆ ಹಾಕಿದರು. ಒಂಬತ್ತೂ ಕಾಲಿಗೆ ಹೋಯಿತು, ಹನ್ನೆರಡೂ ನಲವತ್ತಕ್ಕೆ ಬಂತು. ವಾಸಂತಿಯ ತಾಳ್ಮೆ ಹರಿಯಿತು.

"ಕಾಕಾ, ಎಲ್ಲಾ ಒಮ್ಮೆಲೆ ಬದಲಿ ಮಾಡಿಬಿಡ್ರಿ."

"ಒಮ್ಮೆಲೆ ಮಾಡಿದ್ರ ಯಾವುದರಿಂದ ಛಲೋ ಆತು ಅಂತ ಗೊತ್ತಾಗೂದಿಲ್ಲ, ತಂಗಿ."

"ನನಗ ಗೊತ್ತಾಗೋದು ಬ್ಯಾಡ, ಛಲೋ ಆಗೋದು ಬೇಕು. ಇದು ನಿಮ್ಮ ಕಾರ್ಖಾನೆ ಅಲ್ಲ. ಇಲ್ಲಿ ವಿಮಾನ ಹಾರೋದಿಲ್ಲ, ನಾನೊಬ್ಬಾಕಿ ಕೂತು ಟೈಪ್ ಮಾಡ್ತೀನಿ." ತಗ್ಗಿದ ದನಿಯಲ್ಲಿ ಮುಂದುವರಿಸಿದಳು: "ಕರೆಂಟ್ ಬಿಲ್ಲು ಅವರ ಹೆಸರಿಗೆ, ಗ್ಯಾಸು ಅತ್ತೆಯವರ ಹೆಸರಿಗೆ. ನನ್ನ ಹೆಸರಿಗೆ ಈ ಮನ್ಯಾಗ ಇರೋದು ಇದೊಂದೇ ಕೆಲಸ ಕಾಕಾ."

ರಾಯರು ಚೀಟಿಯಲ್ಲಿ ಹೊತ್ತನ್ನು ಬರೆದುಕೊಂಡರು. ಆಮೇಲೂ ಒಮ್ಮೆಲೆ ಎರಡು ಬದಲಾವಣೆ ಮಾಡಲಿಲ್ಲ.

ಮೂರನೆಯ ದಿನ ಬೆಳಗಿನಿಂದಲೇ ಮಳೆ. ಲೈನು ಮೂರು ಗಂಟೆಯ ತನಕ ಮರಳಲಿಲ್ಲ. ನಾಲ್ಕಕ್ಕೆ ಇಂಟರ್ನೆಟ್ ಕಂಪನಿಯ ಮನುಷ್ಯ ಬಂದು, ಹಸಿರು ದೀಪ ನೋಡಿ, "ಅಂತಾ ಓಕೆ ಉಂದಿ ಮೇಡಂ" ಎಂದು, ಎಲ್ಲ ಸರಿಯಿದೆಯೆಂದು ತೆಲುಗಿನಲ್ಲಿ ಅಭಯ ಕೊಟ್ಟು, ಕಂಬದ ಹತ್ತಿರ ಮಳೆನೀರು ಹೋಗಿರಬೇಕೆಂದು ಹೇಳಿ ಹೊರಟುಹೋದ. ರಾಯರು ಮೂರು ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಬಿಸಿಲಿನ ದಿನ ಬೇಗ, ಮೋಡದ ದಿನ ತಡ, ಮಳೆಯ ದಿನ ಇನ್ನೂ ತಡ.

"ಏನೋ ಒಣಗಾಕತ್ತೈತಿ" ಎಂದರು. "ದಿನಾ ಮುಂಜಾನೆ ತೋಯ್ತೈತಿ, ಆಮ್ಯಾಲೆ ಒಣಗ್ತೈತಿ. ಏನದು?"

ಆ ಜಿನುಗು ಮಳೆಯಲ್ಲಿ ತಾರಸಿಗೆ ಹೋಗಿ ಹೊರಗಿನ ವೈರಿನ ಕಟ್ಟುಗಳನ್ನೆಲ್ಲ ಬಿಚ್ಚಿ ನೋಡಿದರು. ಎಲ್ಲವೂ ಒಣಗಿಯೇ ಇದ್ದವು. ತೊಯ್ದದ್ದು ಕೋಟು ಮಾತ್ರ. ಇಳಿದು ಬರುವಾಗ ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಹಣೆ ಹಚ್ಚಿ ನಿಂತರು. ಅರವತ್ತಾರು ವರ್ಷದ ಆ ಬೆನ್ನನ್ನು ನೋಡಿ, ಇವರನ್ನು ಇಲ್ಲಿಗೆ ಕರೆತಂದ ನನ್ನ ಮೇಲೆ ನನಗೇ ಬೇಸರವಾಯಿತು. "ವೈರು ಪೂರ್ತಿ ನೋಡಿಲ್ರಿ ನಾ" ಎಂದರು, ಗೋಡೆಗೇ ಹೇಳುವಂತೆ. "ಎರಡೂ ತುದಿ ನೋಡೀನಿ. ನಡುವಿಂದು ಬಿಟ್ಟೀನಿ."

ಬಿಟ್ಟದ್ದಕ್ಕೆ ಕಾರಣವಿತ್ತು. ನಡುವಿನ ತುಂಡು ಇದ್ದದ್ದು ದೇವರ ಕೋಣೆಯ ಮುಂದೆ, ಗೋದಾಬಾಯಿಯವರ ಮಡಿಯ ಸೀಮೆಯಲ್ಲಿ. ಮಡಿಯಲ್ಲಿರುವ ಹೆಂಗಸು ಓಡಾಡುವ ಹೊತ್ತಿನಲ್ಲಿ ಅತ್ತ ಹೋಗಬಾರದು, ಹೋಗಬೇಕಾಗಿ ಬಂದರೆ ತಲೆತಗ್ಗಿಸಿ ದಾಟಬೇಕು ಎಂಬುದನ್ನು ರಾಯರ ತಾಯಿ ಅವರಿಗೆ ಕಲಿಸಿದ್ದರು. ಮೇಲೆ ಮಡಿಬಟ್ಟೆ ಹರವಿದ್ದರಂತೂ ಮೈ ಸೋಕದಂತೆ ಬಗ್ಗಿ ನಡೆಯುತ್ತೇವೆಯೇ ಹೊರತು ಕತ್ತೆತ್ತಿ ನೋಡುವುದಿಲ್ಲ. ಮೂರು ದಿನವೂ ಅವರು ಹಾಗೆಯೇ ಬಗ್ಗಿ ದಾಟಿದ್ದರು. ನಾನೂ, ವಾಸಂತಿಯೂ, ಕಂಪನಿಯವನೂ.

ಆಗಸ್ಟ್ ಒಂದು ಶ್ರಾವಣದ ಶುಕ್ರವಾರ. ಒಂಬತ್ತಕ್ಕೆ ಸರಿಯಾಗಿ ವಾಸಂತಿ ಕಿವಿಗೆ ಹೆಡ್‌ಫೋನು ಹಾಕಿ ಕೂತಳು. ವಿಶ್ವಜಿತ್ ಆಫೀಸಿಗೆ ಹೋಗಿಯಾಗಿತ್ತು. ನಾನು ಅವಳ ಕೋಣೆಯ ಬಾಗಿಲಲ್ಲಿ, ರೂಟರೂ ಓಣಿಯೂ ಎರಡೂ ಕಾಣುವ ಹಾಗೆ ನಿಂತಿದ್ದೆ. ರಾಯರು ಮುಂದಿನ ಕಿಟಕಿಯಿಂದ ಹೊರಟು, ಮುಖ ಮೇಲೆತ್ತಿ, ವೈರಿನ ಜೊತೆಗೇ ಒಂದೊಂದೇ ಹೆಜ್ಜೆ ಇಡುತ್ತ ಓಣಿಗೆ ಬಂದರು. ಅಷ್ಟರಲ್ಲಿ ಗೋದಾಬಾಯಿಯವರು, ಹಿಂದಿನ ದಿನ ಒಣಗಿದ ಸೀರೆಯನ್ನು ಉಟ್ಟು, ಆಗಷ್ಟೇ ಹಿಂಡಿದ ಇನ್ನೊಂದನ್ನು ಬಕೀಟಿನಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಮಡಿಕೋಲು ಊರಿಕೊಂಡು ಎದುರಾದರು.

"ಸರೀರಿ, ಸರೀರಿ. ಮಡಿ ಅದ."

ರಾಯರು ಸರಿದು ಗೋಡೆಗೆ ಮುಖ ಮಾಡಿ ನಿಂತರು. ಅವರ ಬೆನ್ನ ಹಿಂದೆ ಆ ಎಪ್ಪತ್ತನಾಲ್ಕರ ಹೆಂಗಸು, ಒಂಬತ್ತು ಗಜದ ಒದ್ದೆ ನೂಲಿನ ಸೀರೆಯನ್ನು ಕೋಲಿನ ತುದಿಗೆ ಏರಿಸಿ, ಎಷ್ಟೋ ದಿನದ ರೂಢಿಯ ಕೈಯಿಂದ, ಓಣಿಯನ್ನು ದಾಟುವ ಆ ಕಪ್ಪು ವೈರಿನ ಮೇಲೆ ಹರವಿದರು. ಬಣ್ಣದವರು ಕಿತ್ತದ್ದು ಮಡಿಬಟ್ಟೆ ಹಾಕುವ ಬಿದಿರಿನ ಗಳವನ್ನು. ಅದನ್ನು ಮತ್ತೆ ಕಟ್ಟಿಸು ಎಂದು ಮಗನಿಗೆ ನಾಲ್ಕು ಸಲ ಹೇಳಿ ಸೋತ ಆಕೆಗೆ, ಯಾರ ಕೈಗೂ ಎಟುಕದ, ಯಾರೂ ಮುಟ್ಟದ ಈ ವೈರಿಗಿಂತ ಒಳ್ಳೆಯ ಮಡಿಹಗ್ಗ ಇನ್ನೆಲ್ಲಿ ಸಿಗಬೇಕು? ಒಣಗುವ ತನಕ ಕಳೆಯದ ಆ ಸೀರೆಯ ಭಾರಕ್ಕೆ ವೈರು ಗೋಡೆಯ ಮೊಳೆಯ ಹತ್ತಿರ ಮೊಣಕೈಯಂತೆ ಮಡಚಿಕೊಂಡಿತು. ರೂಟರಿನಲ್ಲಿ ಕೆಂಪು ದೀಪ ಹತ್ತಿತು.

"ಹೋತು! ಕಾಕಾ, ಹೋತು!" ಕೋಣೆಯಿಂದ ವಾಸಂತಿ ಕೂಗಿದಳು. ಗಡಿಯಾರ ಒಂಬತ್ತೂ ಹನ್ನೆರಡು ತೋರಿಸುತ್ತಿತ್ತು.

ಸೀರೆಯಿಂದ ತೊಟ್ಟಿಕ್ಕಿದ ನೀರು ರಾಯರ ಕೋಟಿನ ತೋಳಿನ ಮೇಲೆ ಬಿತ್ತು. ಅವರು ತಿರುಗಿ ಕತ್ತೆತ್ತಿದರು. ಸೀರೆ, ವೈರು, ಮೊಳೆ. ಆಮೇಲೆ ಗೋದಾಬಾಯಿಯವರ ಮುಖ. ಆಕೆಯೂ ಅವರ ನೋಟ ಹೋದಲ್ಲಿಗೇ ನೋಡಿ, ಸೊಸೆಯ ಕೂಗು ಬಂದ ಕಡೆ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡರು. ಎರಡು ತಿಂಗಳ ಬೆಳಗುಗಳೆಲ್ಲ ಆ ಒಂದು ಕ್ಷಣದಲ್ಲಿ ಆಕೆಗೆ ಅರ್ಥವಾಗಿದ್ದವು.

"ಅಕ್ಕಾರ, ಅದನ್ನ ತೆಗೀರಿ" ಎಂದರು ರಾಯರು, ಪಿಸುದನಿಯಲ್ಲಿ.

ಆಕೆ ಮಡಿಕೋಲನ್ನು ಮತ್ತೆ ಎತ್ತಿದರು. ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ಸೀರೆ ಬಕೀಟಿಗೆ ಬಿತ್ತು. ವೈರು ಮೇಲೆದ್ದಿತು. ರೂಟರು ಯೋಚಿಸಿತು, ಒಂದು ನಿಮಿಷ, ಎರಡು ನಿಮಿಷ. ವಾಸಂತಿ ಕುರ್ಚಿಯ ಕೈಗಳನ್ನು ಹಿಡಿದು ಕೂತಿದ್ದಳು. ಹಸಿರು ಬಂದಾಗ ಒಂಬತ್ತೂ ಇಪ್ಪತ್ತು.

"ಬಂತು! ಏನ್ ಮಾಡಿದ್ರಿ ಕಾಕಾ?"

ಇಲ್ಲಿ ನಾನು ರಾಯರನ್ನು ನೋಡುತ್ತಿದ್ದೆ. ಅವರ ಕೈ ಎಡಗಿಸೆಗೆ ಹೋಗಿ ಚೀಟಿಯನ್ನು ತೆಗೆದಿತ್ತು. ಈಗ ಹೇಳಬೇಕಾದ ಮಾತು ಯಾವುದೆಂದು ನನಗೆ ಗೊತ್ತಿತ್ತು: ಮತ್ತ ಹಾಕ್ರಿ. ಮೀನಿನ ಪೆಟ್ಟಿಗೆಯನ್ನೂ ಬಿಡದ ಮನುಷ್ಯ. ಆದರೆ ಮತ್ತೊಮ್ಮೆ ಕೆಟ್ಟು ಮತ್ತೊಮ್ಮೆ ಸರಿಹೋಗುವಷ್ಟರಲ್ಲಿ ಹದಿನೈದು ನಿಮಿಷ ಮೀರುತ್ತಿತ್ತು. ಹಾಗೆ ಮೀರದಿದ್ದರೂ ಈ ಹೆಂಗಸಿನ ಕೈಗೆ ಆ ಕೋಲನ್ನು ಇನ್ನೊಮ್ಮೆ ಕೊಡುವುದು ಅವರಿಂದ ಆಗುತ್ತಿರಲಿಲ್ಲವೇನೋ. ಅವರು ಪೆನ್ಸಿಲ್ಲಿನಿಂದ ಹೊತ್ತನ್ನು ಬರೆದರು, 'ಕಾರಣ' ಎಂದು ಬರೆದರು, ಮುಂದಿನ ಜಾಗವನ್ನು ಖಾಲಿ ಬಿಟ್ಟು ಚೀಟಿ ಮಡಚಿದರು.

"ಏನೂ ಮಾಡಿಲ್ಲ ತಂಗಿ. ಯಾಕ ಹೋತೋ, ಯಾಕ ಬಂತೋ, ನನಗ ಸಿಗಲಿಲ್ಲ. ನೀ ಕೆಲಸಾ ಮಾಡು."

ಸಂಜೆ ನಾಲ್ಕಕ್ಕೆ ಅವರು ಆಟೋದ ಎರಡೂ ಬದಿಗೆ ಚಾಚಿಕೊಂಡ ಬಿದಿರೊಂದನ್ನು ತಂದರು. ಅಕ್ಕಾರು ಎಂದೋ ಕೇಳಿದ್ದರು, ಈ ಕಡೆ ಬರುವುದಿತ್ತು, ತಂದಿದ್ದೇನೆ ಎಂದರು. ಎರಡು ಕೊಂಡಿ ಹೊಡೆದು, ದೇವರ ಕೋಣೆಯ ಮುಂದೆ, ವೈರಿನಿಂದ ಒಂದು ಮಾರು ಈಚೆಗೆ ಗಳ ತೂಗುಹಾಕಿದರು. ಇಡೀ ದಿನ ಲೈನು ಕಡಿಯದ ಸಂತೋಷದಲ್ಲಿದ್ದ ವಾಸಂತಿ ಚಹಾ ತಂದುಕೊಟ್ಟು ನಗೆಯಾಡಿದಳು: "ಹೋಗ್ಲಿ ಬಿಡ್ರಿ ಕಾಕಾ, ಇಂಟರ್ನೆಟ್ ನಿಮ್ಮ ಕೈಲಿ ಆಗಲಿಲ್ಲ, ಬಡಿಗೇರ ಕೆಲಸಾದ್ರೂ ಆತಲ್ಲ!"

ಗೋದಾಬಾಯಿಯವರು ಅಡುಗೆಮನೆಯ ಹೊಸಿಲಲ್ಲಿ ನಿಂತಿದ್ದರು. ಬಾಯಿ ತೆರೆದರು, ರಾಯರು ಅವರ ಕಡೆ ನೋಡಲಿಲ್ಲ, ಮುಚ್ಚಿದರು. ಆಮೇಲೆ ಕೇಳದೆಯೇ ರಾಯರ ತಟ್ಟೆಗೆ ಇನ್ನಷ್ಟು ಅವಲಕ್ಕಿ ಬಡಿಸಿದರು.

ಬಸ್ ನಿಲ್ದಾಣದ ತನಕ ನಾನು ಜೊತೆಗೆ ಹೋದೆ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಕಂಪೌಂಡಿನ ಗೋಡೆಯನ್ನು ಸವರುತ್ತ ಹತ್ತು ಹೆಜ್ಜೆ ನಡೆದರು.

"ಅವರಿಬ್ಬರೂ ಆ ಮನ್ಯಾಗ ಇರಬೇಕಲ್ರಿ. ನಾ ಐದರ ಬಸ್ಸಿಗೆ ಹೋಗಾಂವ."

ವಾಸಂತಿಯ ಕೆಲಸ ಉಳಿಯಿತು. ತಮ್ಮ ಮನೆಯ ಲೈನು ಹೇಗೆ ಸರಿಹೋಯಿತು ಎಂದು ಕೇಳಿದವರಿಗೆಲ್ಲ ಅವಳು ನಿಜವನ್ನೇ, ತನಗೆ ಗೊತ್ತಿದ್ದ ನಿಜವನ್ನೇ ಹೇಳಿದಳು: ಪ್ರಾಣೇಶ ಕಾಕಾ ನಾಲ್ಕು ದಿನ ಒದ್ದಾಡಿದರು, ಪಾಪ, ವಯಸ್ಸಾಯಿತು, ಕೊನೆಗೆ ಅದು ತಾನಾಗಿ ಸರಿಯಾಯಿತು. ಬರ್ಕತ್‌ಪುರದಲ್ಲಿ ಮಾತು ಹರಡಲು ವೈರು ಬೇಕಿಲ್ಲ. ದೀಪಾವಳಿಯ ಹೊತ್ತಿಗೆ ಅವರನ್ನು ಕರೆಯುವ ಮನೆಗಳು ಅರ್ಧಕ್ಕೆ ಇಳಿದಿದ್ದವು. ಒಂದೆರಡು ಕಡೆ ನಾನು ಅವರ ಪರ ಬಾಯಿ ತೆರೆಯಹೋಗಿ, ಹೇಳಿದರೆ ಏನು ಹೇಳಬೇಕಾಗುತ್ತದೆ ಎಂಬುದು ನೆನಪಾಗಿ ಸುಮ್ಮನಾದೆ. ರಾಯರು ಇದನ್ನೆಲ್ಲ ಬಲ್ಲರು. ಗುಜರಾತಿ ಗಲ್ಲಿಯಲ್ಲಿ ಸಿಕ್ಕಾಗ, "ಈಗ ಮೆಟ್ಟಿಲು ಹತ್ತೂದು ಕಮ್ಮಿ ಆಗೈತಿ, ಛಲೋ ಆತು" ಎಂದರು. ಛಲೋ ಆದವರ ಮುಖ ಹಾಗಿರುವುದಿಲ್ಲ.

ನಮ್ಮ ಮನೆಗಳನ್ನು ದುರಸ್ತಿ ಮಾಡಲು ಬರುವ ಇಂಥವರು ನಾವು ಅತಿಥಿಗಳಿಗೆ ತೋರಿಸದ ಜಾಗಗಳಿಂದಲೇ ನಮ್ಮನ್ನು ಬಲ್ಲವರು. ಅಲಮಾರಿಯನ್ನು ಸರಿಸಿದಾಗ, ಮಂಚದ ಕೆಳಗೆ ತೂರಿದಾಗ, ಎರಡು ಕೋಣೆಗಳ ನಡುವಿನ ಗೋಡೆಗೆ ಕಿವಿಗೊಟ್ಟಾಗ, ಯಾರ ಮಾತನ್ನು ಯಾರು ಎಷ್ಟು ದಿನದಿಂದ ಕೇಳಿಸಿಕೊಂಡಿಲ್ಲ ಎಂಬುದು ಅವರಿಗೆ ತಿಳಿದುಹೋಗುತ್ತದೆ. ಕೆಲವರು ತಿಳಿದದ್ದನ್ನು ಹೇಳಿ ಜಾಣರೆನಿಸಿಕೊಂಡು ಹೋಗುತ್ತಾರೆ. ಇನ್ನು ಕೆಲವರು, ಬಹಳ ಕೆಲವರು, ಒಂದು ಮನೆ ನೆಮ್ಮದಿಯಿಂದ ಊಟಕ್ಕೆ ಕೂರಲೆಂದು ದಡ್ಡರೆನಿಸಿಕೊಂಡು ಮೆಟ್ಟಿಲು ಇಳಿಯುತ್ತಾರೆ. ಅವರು ಇಳಿಯುವ ಸದ್ದು ನಿಧಾನವಾಗಿದ್ದರೆ, ವಯಸ್ಸಾಯಿತೆಂದು ಮೇಲೆ ನಿಂತವರು ಬಾಗಿಲು ಹಾಕಿಕೊಳ್ಳುತ್ತಾರೆ.